ತುಂಗೆಯ ಮೀನು ಬೇರೆ, ಕಾವೇರಿಯ ಮೀನು ಬೇರೆ

ರಜೆಯಲ್ಲಿ ಅಪ್ಪ-ಅಮ್ಮನ ಜೊತೆ ಊರಿಗೆ ಹೋದಾಗ ನಿಮ್ಮಲ್ಲಿ ಹಲವರು ಶೃಂಗೇರಿಗೂ ಹೋಗಿ ಬಂದಿರುತ್ತೀರಿ. ಶಾರದೆಯ ದರ್ಶನವಾದ ಮೇಲೆ ಎಲ್ಲರ ಕಾಲೂ ತಾನಾಗಿಯೇ ತುಂಗೆಯ ಮೆಟ್ಟಿಲುಗಳ ಕಡೆಗೆ ತಿರುಗುತ್ತದೆ. ಒಂದು ಹಿಡಿ ಮಂಡಕ್ಕಿ ಎಸೆದರೆ ಸಾಕು, ನೀರು ಕುದಿಯುವಂತೆ ಮೀನುಗಳು ಮುತ್ತಿಕೊಳ್ಳುತ್ತವೆ. ತೋಳುದ್ದದ ಮೀನುಗಳು, ಒಂದರ ಬೆನ್ನ ಮೇಲೊಂದು! ಅವು ದೇವರ ಮೀನುಗಳು, ಯಾರೂ ಹಿಡಿಯುವಂತಿಲ್ಲ.

ದಕ್ಷಿಣ ಕನ್ನಡದವರಾದರೆ ನೀವು ಶಿಶಿಲೇಶ್ವರ ದೇವಸ್ಥಾನದ ಮುಂದೆ, ಕಪಿಲಾ ನದಿಯಲ್ಲಿ ಇಂಥದೇ ದೃಶ್ಯ ನೋಡಿರಬಹುದು. ಹಾಸನದ ಕಡೆಯವರಾದರೆ ರಾಮನಾಥಪುರದ ಕಾವೇರಿಯಲ್ಲಿ, ವಹ್ನಿಪುಷ್ಕರಿಣಿಯ ಬಳಿ. ಮೂರೂ ಕಡೆ ಮೀನಿಗೆ ರಕ್ಷಣೆ, ಮೂರೂ ಕಡೆ ಅದೇ ಭಕ್ತಿ, ಅದೇ ಮಂಡಕ್ಕಿ. ಮೂರೂ ಕಡೆ ಮಹಶೀರ್ ಜಾತಿಯ ಮೀನುಗಳಿವೆ ಎನ್ನುತ್ತಾರೆ. ಹಾಗಾದರೆ ಮೂರೂ ಕಡೆ ಇರುವುದು ಒಂದೇ ಮೀನೇ?

ಇದು ಹುಡುಗಾಟದ ಪ್ರಶ್ನೆಯಲ್ಲ. ಇದನ್ನು ಸರಿಯಾದ ಸಮಯಕ್ಕೆ ಕೇಳದೆ ಹೋದದ್ದರಿಂದ ನಮ್ಮ ಕಾವೇರಿಯ ಅತಿ ದೊಡ್ಡ ಮೀನೊಂದು ಇಂದು ಅಳಿವಿನ ಅಂಚಿಗೆ ಬಂದು ನಿಂತಿದೆ. ಆ ಕಥೆಯನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ. ಅದಕ್ಕೂ ಮುಂಬಯಿ-ಪುಣೆಗಳಿಗೂ ಸಂಬಂಧವಿದೆ. ಅದೇನೆಂದು ಮುಂದೆ ತಿಳಿಯುತ್ತದೆ.

ಮಾಡಿನ ಎರಡು ಬದಿ

ಊರಿನ ಹಂಚಿನ ಮನೆಯ ಮಾಡನ್ನು ನೆನಪಿಸಿಕೊಳ್ಳಿ. ಮಳೆ ಬಂದಾಗ ಮಾಡಿನ ನೆತ್ತಿಯ ಮೇಲೆ ಬಿದ್ದ ಎರಡು ಹನಿಗಳಲ್ಲಿ ಒಂದು ಅಂಗಳಕ್ಕೆ ಇಳಿಯುತ್ತದೆ, ಇನ್ನೊಂದು ಹಿತ್ತಿಲಿಗೆ. ನೆತ್ತಿಯಲ್ಲಿ ಅವುಗಳ ನಡುವೆ ಇದ್ದದ್ದು ಬೆರಳಿನಷ್ಟು ಅಂತರ. ಕೆಳಗಿಳಿದ ಮೇಲೆ ಅವು ಮತ್ತೆ ಸೇರುವುದಿಲ್ಲ.

ನಮ್ಮ ಸಹ್ಯಾದ್ರಿ ಅಂಥ ಒಂದು ದೊಡ್ಡ ಮಾಡು. ಕುದುರೆಮುಖದ ಬಳಿಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತಾಳೆ. ಶಿಶಿಲದ ಕಪಿಲೆಯ ನೀರೂ ಕೊನೆಗೆ ಅವಳಿಗೇ. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ ತುಂಗಭದ್ರೆಯಾಗಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ದಕ್ಷಿಣಕ್ಕೆ ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿಯದು ಬೇರೆಯೇ ದಾರಿ. ಅವಳು ತಮಿಳುನಾಡನ್ನು ಹಾಯ್ದು ಸಮುದ್ರ ಸೇರುವವಳು.

ಹಕ್ಕಿ ಹಾರಿ ಬೆಟ್ಟ ದಾಟುತ್ತದೆ. ಹುಲಿ, ಆನೆ ನಡೆದು ದಾಟುತ್ತವೆ. ಸಿಹಿನೀರಿನ ಮೀನು ಏನು ಮಾಡಬೇಕು? ನೆಲದ ಮೇಲೆ ನಡೆಯಲಾರದು. ನದಿ ಹಿಡಿದು ಸಮುದ್ರದ ತನಕ ಹೋಗಿ ಇನ್ನೊಂದು ನದಿಯ ಬಾಯಿಗೆ ನುಗ್ಗೋಣವೆಂದರೆ ನಡುವೆ ಉಪ್ಪುನೀರು. ಹೀಗಾಗಿ ಒಂದೊಂದು ನದಿಯೂ ಅದರ ಮೀನುಗಳ ಪಾಲಿಗೆ ಒಂದೊಂದು ದ್ವೀಪ. ಲಕ್ಷಾಂತರ ವರ್ಷಗಳಿಗೊಮ್ಮೆ ನೆಲ ಅಲುಗಿ ಒಂದು ಹೊಳೆಯ ತಲೆ ಇನ್ನೊಂದರ ಕಡೆಗೆ ತಿರುಗಿದರೆ ಮಾತ್ರ ಕೆಲವು ಮೀನುಗಳು ಆಚೆಗೆ ಹೋದಾವು. ಉಳಿದಂತೆ ತುಂಗೆಯ ಮೀನಿನ ಮದುವೆ ತುಂಗೆಯಲ್ಲೇ, ಕಾವೇರಿಯದು ಕಾವೇರಿಯಲ್ಲೇ!

ಅಜ್ಜಿಯ ಅಡಿಗೆ ಪುಸ್ತಕ

ಹೀಗೆ ಬೇರೆಯಾದ ಮೀನುಗಳಿಗೆ ಕಾಲಾಂತರದಲ್ಲಿ ಏನಾಗುತ್ತದೆ? ವಿಜ್ಞಾನಿಗಳು ಡಿ.ಎನ್.ಎ. ಎಂದು ಹೇಳುವುದನ್ನು ನಾನು ನನ್ನ ಅಡಿಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ.

ಒಬ್ಬ ಅಜ್ಜಿಯ ಹತ್ತಿರ ಕೈಬರಹದ ಅಡಿಗೆ ಪುಸ್ತಕವಿತ್ತೆಂದು ಇಟ್ಟುಕೊಳ್ಳಿ. ಇಬ್ಬರು ಹೆಣ್ಣುಮಕ್ಕಳು ಅದನ್ನು ನಕಲು ಮಾಡಿಕೊಂಡು ಒಬ್ಬಳು ಸಾಗರಕ್ಕೆ, ಒಬ್ಬಳು ಮೈಸೂರಿಗೆ ಮದುವೆಯಾಗಿ ಹೋದರು. ನಕಲು ಮಾಡುವಾಗ ಒಬ್ಬಳು ಮಿಡಿ ಉಪ್ಪಿನಕಾಯಿಗೆ ‘ಎರಡು ಸೇರು ಉಪ್ಪು’ ಎಂಬಲ್ಲಿ ‘ಮೂರು’ ಎಂದು ಬರೆದಳು. ಇನ್ನೊಬ್ಬಳು ಒಂದು ಸಾಲು ಬಿಟ್ಟಳು. ಅವರ ಹೆಣ್ಣುಮಕ್ಕಳು ಆ ತಪ್ಪುಗಳನ್ನೂ ಸೇರಿಸಿಯೇ ನಕಲು ಮಾಡಿದರು, ಜೊತೆಗೆ ತಮ್ಮದೂ ಒಂದೆರಡು ಸೇರಿಸಿದರು. ನೂರು ತಲೆಮಾರಿನ ನಂತರ ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದರೆ, ರಟ್ಟು ಒಂದೇ ತರಹ ಇದ್ದರೂ ಒಳಗಿನ ಅಕ್ಷರಗಳಿಂದ ಇದು ಸಾಗರದ್ದು, ಇದು ಮೈಸೂರಿನದು ಎಂದು ಹೇಳಿಬಿಡಬಹುದು. ವ್ಯತ್ಯಾಸಗಳನ್ನು ಎಣಿಸಿದರೆ ಎರಡೂ ಮನೆತನ ಬೇರೆಯಾಗಿ ಎಷ್ಟು ಕಾಲವಾಯಿತೆಂದು ಅಂದಾಜನ್ನೂ ಮಾಡಬಹುದು.

ಜೀವಕೋಶದಲ್ಲಿ ಮೈಟೊಕಾಂಡ್ರಿಯಾ ಎಂಬ ಪುಟ್ಟ ಅಂಗವಿದೆ. ಅದರೊಳಗಿನ ಡಿ.ಎನ್.ಎ. ಸಾಮಾನ್ಯವಾಗಿ ತಾಯಿಯಿಂದಲೇ ಮಕ್ಕಳಿಗೆ ಬರುತ್ತದೆ. ಥೇಟ್ ಅಜ್ಜಿಯ ಅಡಿಗೆ ಪುಸ್ತಕದಂತೆ! ಮೀನಿನ ರೆಕ್ಕೆಯ ಒಂದು ಚೂರು ಸಾಕು, ಅದನ್ನು ಓದಿ ಹೇಳಬಹುದು. ಹಾಗೆ ಓದಲು ಕಲಿತ ಮೇಲೆಯೇ ತಿಳಿದದ್ದು, ಹೊರಗಿನಿಂದ ಒಂದೇ ತರಹ ಕಾಣುವ ಮೀನುಗಳು ಒಳಗೆ ಎಷ್ಟು ಬೇರೆ ಇರಬಲ್ಲವೆಂದು.

ನಿಮ್ಮ ಅಪ್ಪ-ಅಮ್ಮ ಮುಂಬಯಿಗೆ ಬಂದ ಹೊಸತರಲ್ಲಿ ಇಲ್ಲಿಯವರು ಕನ್ನಡಿಗ, ತಮಿಳ, ತೆಲುಗ, ಮಲೆಯಾಳಿ ಎನ್ನದೆ ಎಲ್ಲರನ್ನೂ ‘ಮದ್ರಾಸಿ’ ಎಂದು ಬಿಡುತ್ತಿದ್ದರು. ಕೇಳಿ ನೋಡಿ, ಆ ಸಿಟ್ಟು ಇನ್ನೂ ಇರುತ್ತದೆ. ಮೀನಿನ ವಿಷಯದಲ್ಲಿ ನಾವೆಲ್ಲರೂ ಮಾಡಿದ್ದು ಅದನ್ನೇ. ದೊಡ್ಡ ಹುರುಪೆ, ದಪ್ಪ ತುಟಿ, ಬಲವಾದ ಮೈಕಟ್ಟು ಕಂಡರೆ ‘ಮಹಶೀರ್’ ಎಂದು ಒಂದೇ ಹೆಸರಿಟ್ಟು ಸುಮ್ಮನಾದೆವು.

ಡುಬ್ಬದ ಮೀನಿಗೆ ಹೆಸರಿಲ್ಲ

ಕಾವೇರಿಯ ದಡದವರು ಬಿಳಿಮೀನು ಎನ್ನುವ ಮಹಶೀರ್‌ಗಳಲ್ಲಿ ಒಂದು ಬಗೆಗೆ ತಲೆಯ ಹಿಂದೆ ಎದ್ದು ಕಾಣುವ ಡುಬ್ಬವಿದೆ, ಕಿತ್ತಳೆ ಛಾಯೆಯ ರೆಕ್ಕೆಗಳಿವೆ. 1946ರ ಮಾರ್ಚ್ 22ರಂದು ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಎಂಬವರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡು ತೂಗಿತು. ಎಂದರೆ ಸುಮಾರು 54 ಕಿಲೋ, ನಿಮ್ಮಲ್ಲಿ ಅನೇಕರ ತೂಕ! (ಬೇಟೆಯ ಪ್ರಾಣಿಗಳನ್ನು ಜೀವಂತವೆನ್ನುವಂತೆ ನಿಲ್ಲಿಸುತ್ತಿದ್ದ ಮೈಸೂರಿನ ವ್ಯಾನ್ ಇಂಗನ್ ಮನೆತನದವರು ಇವರು.) ಇಂಥ ಮೀನಿಗಾಗಿ ಇಂಗ್ಲೆಂಡಿನಿಂದಲೂ ಗಾಳಗಾರರು ಕಾವೇರಿಗೆ ಬರುತ್ತಿದ್ದರು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿಯ ಶಿಬಿರಗಳು ಅವರಲ್ಲಿ ಮನೆಮಾತು.

ಇಷ್ಟು ಪ್ರಸಿದ್ಧ ಮೀನಿಗೆ ಶಾಸ್ತ್ರೀಯ ಹೆಸರೇನು? ಬಹುಕಾಲ ಅದನ್ನು ಟಾರ್ ಮುಸಲ್ಲಾ ಎಂದರು. ಅದು ಕರ್ನಲ್ ಸೈಕ್ಸ್ ಎಂಬ ಅಧಿಕಾರಿ 1839ರಲ್ಲಿ ಕೃಷ್ಣಾ ಕೊಳ್ಳದ ಬೇರೊಂದು ಮೀನಿಗೆ ಇಟ್ಟ ಹೆಸರು. ಆ ಮೀನು ಮಹಶೀರ್ ಕುಲದ್ದೇ ಅಲ್ಲವೆಂದು ಆಮೇಲೆ ತಜ್ಞರು ತೋರಿಸಿದರು. ಹಾಗಾಗಿ ಎರವಲು ತಂದ ಹೆಸರೂ ಹೋಯಿತು. ಜಗತ್ತಿನ ಗಾಳಗಾರರೆಲ್ಲ ಬಲ್ಲ ಮೀನು ವಿಜ್ಞಾನದ ಪುಸ್ತಕದಲ್ಲಿ ಅನಾಮಿಕವಾಯಿತು. ಹೆಸರಿಲ್ಲದ ಮೀನನ್ನು ಅಳಿವಿನ ಪಟ್ಟಿಗೆ ಸೇರಿಸುವುದು ಹೇಗೆ? ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದವನಿಗೆ ಅಕ್ಕಿ ಸಿಕ್ಕೀತೇ?

ಲೋನಾವಳದಿಂದ ಬಂದ ಮರಿಗಳು

ಈಗ ನಮ್ಮ ಕಡೆಗೆ ಬರೋಣ. ಮಳೆಗಾಲದಲ್ಲಿ ನೀವು ಸ್ನೇಹಿತರೊಡನೆ ಹೋಗಿ ಚಿಕ್ಕಿ ತರುವ ಲೋನಾವಳದಲ್ಲಿ ವಲವಣ ಎಂಬ ಕೆರೆಯಿದೆ. ಮುಂಬಯಿಗೆ ವಿದ್ಯುತ್ತು ಒದಗಿಸಲು ಟಾಟಾದವರು ಘಟ್ಟದ ಮೇಲೆ ಕಟ್ಟಿದ ಜಲಾಶಯಗಳಲ್ಲಿ ಅದೂ ಒಂದು. ಖೋಪೋಲಿಯ ವಿದ್ಯುದಾಗಾರ ಕೆಲಸ ಮಾಡತೊಡಗಿದ್ದು 1915ರಲ್ಲಿ.

ಅಣೆಕಟ್ಟು ಕಟ್ಟಿದರೆ ನದಿಯ ಮೀನಿಗೆ ಕಷ್ಟ. ಮೊಟ್ಟೆಯಿಡಲು ಮೇಲಕ್ಕೆ ಹೋಗುವ ದಾರಿ ಮುಚ್ಚುತ್ತದೆ. ಇದನ್ನು ಕಂಡು, ಮಹಶೀರ್ ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದ 1970ರ ದಶಕದಲ್ಲಿ ಲೋನಾವಳದಲ್ಲಿ ಮರಿ ಮಾಡಿಸುವ ಕೇಂದ್ರ ಬೆಳೆಯಿತು. ಡಾ. ಸಿ. ವಿ. ಕುಲಕರ್ಣಿ, ಎಸ್. ಎನ್. ಓಗಲೆ ಮುಂತಾದ ತಜ್ಞರು ಕೃತಕವಾಗಿ ಮೊಟ್ಟೆ ಮರಿ ಮಾಡಿಸುವ ವಿದ್ಯೆಯನ್ನು ಸಿದ್ಧಿಸಿಕೊಂಡರು. ಅದು ಸಣ್ಣ ಸಾಧನೆಯಲ್ಲ. ಅಲ್ಲಿಂದ ಲಕ್ಷಗಟ್ಟಲೆ ಮರಿಗಳು ದೇಶದ ಬೇರೆ ಬೇರೆ ನದಿ ಕೆರೆಗಳಿಗೆ ಹೋದವು. ಕಾವೇರಿಗೂ ಬಂದವು. ನದಿ ತುಂಬಲಿ, ಮಹಶೀರ್ ಉಳಿಯಲಿ ಎಂಬ ಹಾರೈಕೆಯೊಡನೆಯೇ ಅವನ್ನು ನೀರಿಗೆ ಬಿಟ್ಟರು.

ಆದರೆ ಲೋನಾವಳದ ಮೀನು ಯಾವುದು? ನೀಲಿ ರೆಕ್ಕೆಯ ಮಹಶೀರ್, ಶಾಸ್ತ್ರೀಯವಾಗಿ ಟಾರ್ ಖುದ್ರೀ. ಪುಣೆಯ ಕಡೆಯ ಮೀನಿನಿಂದಲೇ ಸೈಕ್ಸ್ ಅದನ್ನೂ 1839ರಲ್ಲಿ ವರ್ಣಿಸಿದ್ದ. ಆ ಭಾಗದ ನೀರು ಇಂದ್ರಾಯಣಿ, ಮುಳಾ-ಮುಠಾಗಳಿಂದ ಭೀಮೆಗೆ, ಭೀಮೆಯಿಂದ ಕೃಷ್ಣೆಗೆ ಹೋಗತಕ್ಕದ್ದು. ಎಂದರೆ ಅದು ಕೃಷ್ಣೆಯ ಮೀನು. ಬೇರೊಂದು ನದಿಯ ಮೀನನ್ನು ನಾವು ತಂದು ಕಾವೇರಿಗೆ ಬಿಟ್ಟೆವು. ಪ್ರಕೃತಿ ಲಕ್ಷಾಂತರ ವರ್ಷ ಮುಚ್ಚಿಟ್ಟಿದ್ದ ಬಾಗಿಲನ್ನು ಒಂದು ದಿನದಲ್ಲಿ ತೆಗೆದೆವು.

ಮುಂದೇನಾಯಿತೆಂದು ಗಾಳಗಾರರ ದಿನಚರಿಗಳೇ ಹೇಳುತ್ತವೆ. ಗಾಳಿಬೋರೆಯ ಶಿಬಿರದಲ್ಲಿ ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೇ ಬಿಡುವ ಪದ್ಧತಿಯಿತ್ತು. 1998ರಿಂದ 2012ರವರೆಗಿನ 6 ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕ ಹೀಗೆ ಉಳಿದಿತ್ತು. ಇಂಗ್ಲೆಂಡಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಸಂಗಡಿಗರು ಅದನ್ನು ಕೂತು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು ಸಂಖ್ಯೆ ನೋಡಿದರೆ ಸಂತೋಷವೇ, ಮೀನು ಹೆಚ್ಚುತ್ತಿತ್ತು. ಬಗೆ ಬೇರ್ಪಡಿಸಿ ನೋಡಿದಾಗ ಎದೆ ಧಸಕ್ಕೆಂದಿತು. ಹೆಚ್ಚುತ್ತಿದ್ದದ್ದೆಲ್ಲ ನೀಲಿ ರೆಕ್ಕೆಯದು. ಡುಬ್ಬದ ಮೀನು ವರ್ಷ ವರ್ಷ ಕಡಿಮೆಯಾಗುತ್ತಿತ್ತು. ಸಿಕ್ಕ ಕೆಲವೂ ದೊಡ್ಡ, ವಯಸ್ಸಾದ ಮೀನುಗಳು. ಮರಿಗಳು ಕಾಣುವುದೇ ಅಪರೂಪವಾಗಿತ್ತು. ಮಕ್ಕಳಿಲ್ಲದ ಊರಿನಂತೆ.

ನೋಡಿ, ‘ಮಹಶೀರ್’ ಎಂಬ ಒಂದೇ ಹೆಸರಿನ ಕೆಳಗೆ ಒಂದು ಮೀನು ಹೆಚ್ಚುತ್ತಾ, ಇನ್ನೊಂದು ಮುಳುಗುತ್ತಾ ಹೋದದ್ದು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಇವೂ ಡುಬ್ಬದ ಮೀನಿಗೆ ಕಂಟಕವಾದವು. ಎಲ್ಲ ತಪ್ಪನ್ನೂ ಲೋನಾವಳದ ಮರಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಹೊಸ ಮೀನಿನ ಸಂಖ್ಯೆ ಹಳೆಯ ಮೀನಿನ ಅಳಿವನ್ನು ಮುಚ್ಚಿಹಾಕಿತು ಎಂಬುದು ಮಾತ್ರ ನಿಜ.

ಹೆಸರು ಸಿಕ್ಕಿದ್ದು ಹೇಗೆ

ಡುಬ್ಬದ ಮೀನಿನ ಹೆಸರು ಸಿಕ್ಕಿದ್ದು ಕಾವೇರಿ ಕೊಳ್ಳದ ಇನ್ನೊಂದು ತುದಿಯಲ್ಲಿ. ಕೇರಳದ ಮರಯೂರಿನ ಕಡೆ ಹುಟ್ಟಿ ಪೂರ್ವಕ್ಕೆ ಹರಿದು, ಅಮರಾವತಿಯ ಮೂಲಕ ಕಾವೇರಿ ಸೇರುವ ಪಾಂಬಾರ್ ಎಂಬ ಹೊಳೆಯಿದೆ. ಅಲ್ಲಿಯ ಚಿಕ್ಕ ಚಿಕ್ಕ ಮಹಶೀರ್‌ಗಳನ್ನು ನೋಡಿ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು 2007ರಲ್ಲಿ ಟಾರ್ ರೇಮಾದೇವಿ ಎಂಬ ಹೊಸ ಪ್ರಭೇದವನ್ನು ವರ್ಣಿಸಿದ್ದರು. ಮೀನುಗಳ ಅಧ್ಯಯನಕ್ಕೆ ಹೆಸರಾದ ವಿಜ್ಞಾನಿ ಕೆ. ರೇಮಾದೇವಿಯವರ ಗೌರವಾರ್ಥ ಇಟ್ಟ ಹೆಸರದು. ಗೇಣುದ್ದದ ಆ ಮರಿಗಳಿಗೂ ಕಾವೇರಿಯ ದೈತ್ಯನಿಗೂ ನಂಟಿದೆ ಎಂದು ಆಗ ಯಾರಿಗೆ ಹೊಳೆಯಬೇಕು?

ಪಿಂಡರ್, ರಾಘವನ್, ಪುಣೆಯ ನೀಲೇಶ್ ಡಹಾಣೂಕರ್ ಮುಂತಾದವರ ತಂಡ ನೀಲಗಿರಿಯ ಕಡೆಯಿಂದ ಹರಿದು ಬರುವ ಮೋಯಾರ್ ನದಿಯಲ್ಲಿ ಡುಬ್ಬದ ಮೀನುಗಳನ್ನು ಪತ್ತೆ ಮಾಡಿತು. ಮೈಕಟ್ಟನ್ನು ಅಳೆದು, ಡಿ.ಎನ್.ಎ. ಓದಿ, ಹೋಲಿಸಿ ನೋಡಿದಾಗ ಅದು ಟಾರ್ ರೇಮಾದೇವಿಯೇ! ಈ ಸಂಗತಿ ಪ್ರಕಟವಾದದ್ದು 2018ರಲ್ಲಿ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದರ ತವರಿಲ್ಲ.

ಹೆಸರು ಸಿಕ್ಕ ಕೂಡಲೇ ಬಾಗಿಲು ತೆರೆಯಿತು. ಅದೇ 2018ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐ.ಯು.ಸಿ.ಎನ್. ತನ್ನ ಕೆಂಪು ಪಟ್ಟಿಯಲ್ಲಿ ಟಾರ್ ರೇಮಾದೇವಿಯನ್ನು ‘ತೀವ್ರ ಅಪಾಯದಲ್ಲಿರುವ’ ವರ್ಗಕ್ಕೆ ಸೇರಿಸಿತು. ಅದೇ ವರ್ಷ, ಅದೇ ಪಟ್ಟಿಯಲ್ಲಿ, ನೀಲಿ ರೆಕ್ಕೆಯ ಟಾರ್ ಖುದ್ರೀಯನ್ನು ಅಪಾಯದ ವರ್ಗದಿಂದ ತೆಗೆದು ‘ಅಷ್ಟೇನೂ ಚಿಂತೆಯಿಲ್ಲದ’ ವರ್ಗಕ್ಕೆ ಹಾಕಿತು. ಒಂದೇ ಹೆಸರಿನಲ್ಲಿ ಕರೆದ ಎರಡು ಮೀನುಗಳ ಹಣೆಬರಹ ಎಷ್ಟು ಬೇರೆಯೆಂದು ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿಲ್ಲ.

ಗಾಜಿನ ತೊಟ್ಟಿಯ ಸುಂದರಿ

ಮಹಶೀರ್ ಒಂದೇ ಹೀಗೆ ಎಂದುಕೊಳ್ಳಬೇಡಿ. ಕ್ರಾಫರ್ಡ್ ಮಾರ್ಕೆಟ್ಟಿನಂಥ ಕಡೆ ಬಣ್ಣದ ಮೀನಿನ ಅಂಗಡಿಗಳ ಮುಂದೆ ನಿಂತಾಗ ‘ಮಿಸ್ ಕೇರಳ’ ಎಂಬ ಮೀನನ್ನು ಕಂಡಿರಬಹುದು. ಬೆಳ್ಳಿಯ ಮೈಮೇಲೆ ಉದ್ದಕ್ಕೆ ಒಂದು ಕಪ್ಪು ಗೆರೆ, ಅದರ ಮೇಲೆ ಮೂತಿಯಿಂದ ಅರ್ಧ ಮೈಯವರೆಗೆ ಕುಂಕುಮದಂಥ ಕೆಂಪು ಗೆರೆ. ಪಶ್ಚಿಮ ಘಟ್ಟದ ಪಶ್ಚಿಮಕ್ಕೆ ಹರಿಯುವ ಹೊಳೆಗಳ ಮೀನು ಇದು. ಅಂದಕ್ಕೆ ಮಾರುಹೋಗಿ ಹೊರದೇಶದವರೂ ಕೊಳ್ಳತೊಡಗಿದರು. ಹೊಳೆಗಳಿಂದ ಬಲೆಗಟ್ಟಲೆ ಬಾಚಿ ವಿಮಾನವೇರಿಸಿದರು.

ಇದನ್ನು 1865ರಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯ ಮೊದಲು ವರ್ಣಿಸಿದ್ದ. 1999ರಲ್ಲಿ ಚಾಲಕ್ಕುಡಿ ಹೊಳೆಯ ಮೀನು ಬೇರೆ ಪ್ರಭೇದವೆಂದು ಗೊತ್ತಾಯಿತು. 2013ರಲ್ಲಿ ಈ ಎರಡಕ್ಕೂ ಸೇರಿಸಿ ‘ಸಹ್ಯಾದ್ರಿಯಾ’ ಎಂಬ ಚಂದದ ಕುಲನಾಮ ಸಿಕ್ಕಿತು. ಅದೇ ವರ್ಷ ಬೇರೆ ಬೇರೆ ಹೊಳೆಗಳ ಮೀನುಗಳ ಡಿ.ಎನ್.ಎ. ಓದಿದಾಗ, ಕಣ್ಣಿಗೆ ಒಂದೇ ಎಂದು ಕಾಣುವ ಈ ಮೀನುಗಳಲ್ಲಿ ಹಲವು ಬೇರೆ ಬೇರೆ ವಂಶಧಾರೆಗಳು ಅಡಗಿವೆಯೆಂದು ತಿಳಿಯಿತು. ಅಂಗಡಿಯವನಿಗೆ ಎಲ್ಲವೂ ಮಿಸ್ ಕೇರಳವೇ. ಆದರೆ ಒಂದು ಹೊಳೆಯನ್ನು ಪೂರ್ತಿ ಬಾಚಿದರೆ, ಬೇರೆ ಹೊಳೆಯಿಂದ ತಂದು ತುಂಬಲಾಗದ ಒಂದು ವಂಶವೇ ಹೋಗಿಬಿಡಬಹುದು.

ಹೋದರೇನು, ಮೀನು ಮೀನೇ ಅಲ್ಲವೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಕೇಳಬೇಕು ಕೂಡ. ಒಂದೊಂದು ಹೊಳೆಯ ಮೀನೂ ಆ ಹೊಳೆಯ ಬಿಸಿ, ಸೆಳವು, ರೋಗ, ಬರಗಾಲಗಳನ್ನು ಸಾವಿರಾರು ತಲೆಮಾರು ಎದುರಿಸಿ ಉಳಿದಿದೆ. ಆ ಅನುಭವ ಅದರ ಅಡಿಗೆ ಪುಸ್ತಕದಲ್ಲಿ ಬರೆದಿದೆ. ನಾಳೆ ನೀರು ಬಿಸಿಯಾದರೆ, ಹೊಸ ರೋಗ ಬಂದರೆ, ಯಾವ ಪುಸ್ತಕದ ಯಾವ ಸಾಲು ಕಾಪಾಡೀತೋ ಯಾರು ಬಲ್ಲರು? ಪುಸ್ತಕ ಸುಟ್ಟ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮೀನಿನ ಈ ಕಥೆಯನ್ನು ಯಾರಾದರೂ ಮನುಷ್ಯರಿಗೆ ಅಂಟಿಸಿ, ‘ನೋಡಿ, ಬೆರೆಯಬಾರದು’ ಎಂದರೆ ಕಿವಿಗೊಡಬೇಡಿ. ಮನುಷ್ಯರೆಲ್ಲ ಒಂದೇ ಪ್ರಭೇದ. ನಾವು ನಡೆದು, ಹಡಗೇರಿ, ರೈಲು ಹತ್ತಿ, ಮೊದಲಿನಿಂದಲೂ ಬೆರೆತುಕೊಂಡೇ ಬಂದವರು. ಬೇರೆ ಊರಿನಲ್ಲಿ ಹುಟ್ಟಿ ಬೆಳೆದ ನಿಮಗಿಂತ ಇದನ್ನು ಬಲ್ಲವರು ಯಾರು?

ನಿಮ್ಮ ಕೈಯಲ್ಲಿ ಏನಿದೆ?

ನೀವೆಲ್ಲ ಮೀನಿನ ವಿಜ್ಞಾನಿಗಳಾಗಬೇಕೆಂದು ನಾನು ಹೇಳುವುದಿಲ್ಲ. ಒಬ್ಬಿಬ್ಬರು ಆದರೆ ಸಂತೋಷ. ಉಳಿದವರು ಇಷ್ಟು ಮಾಡಬಹುದು. ಮನೆಯ ಗಾಜಿನ ತೊಟ್ಟಿಯ ಮೀನು ಸಾಕಾಯಿತೆಂದು ಪವಾಯಿ ಕೆರೆಗೋ, ಊರಿನ ಹೊಳೆಗೋ ಬಿಡಬೇಡಿ. ಅದು ಪುಣ್ಯದ ಕೆಲಸವಲ್ಲ. ಬಣ್ಣದ ಮೀನು ಕೊಳ್ಳುವಾಗ ಇದು ಸಾಕಿ ಮರಿ ಮಾಡಿಸಿದ್ದೋ, ಹೊಳೆಯಿಂದ ಹಿಡಿದದ್ದೋ ಎಂದು ಕೇಳಿ. ಯಾರಾದರೂ ‘ನದಿಗೆ ಮೀನುಮರಿ ಬಿಡುವ ಕಾರ್ಯಕ್ರಮ’ ಎಂದು ಹಾರ ತುರಾಯಿ ಹಿಡಿದು ಕರೆದರೆ, ಚಪ್ಪಾಳೆ ತಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ‘ಈ ಮರಿ ಯಾವ ನದಿಯದು?’

ಕಾವೇರಿಗೆ ಮರಿ ಬಿಟ್ಟವರು ಕೆಟ್ಟವರಾಗಿರಲಿಲ್ಲ. ನದಿಯ ಮೇಲೆ ಪ್ರೀತಿಯಿದ್ದವರೇ. ಪ್ರೀತಿಯ ಜೊತೆ ತಿಳಿವಳಿಕೆ ಆಗ ಇರಲಿಲ್ಲ, ಅಷ್ಟೆ. ನಮಗೆ ಈಗ ಅದಿದೆ. ಇನ್ನು ಗೊತ್ತಿರಲಿಲ್ಲ ಎಂದು ನೆಪ ಹೇಳುವಂತಿಲ್ಲ.

ಮುಂದಿನ ರಜೆಯಲ್ಲಿ ಶೃಂಗೇರಿಗೋ, ಶಿಶಿಲಕ್ಕೋ, ರಾಮನಾಥಪುರಕ್ಕೋ ಹೋದಾಗ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಮೀನು ಎಷ್ಟು ದೊಡ್ಡದು ಎಂದು ನೋಡಿದ ಮೇಲೆ, ಈ ನೀರು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ಅಪ್ಪನನ್ನು ಕೇಳಿ. ಅಪ್ಪನಿಗೆ ಗೊತ್ತಿಲ್ಲದಿದ್ದರೆ ನೀವೇ ಹೇಳಿ.